ಕೊನೆಯ ಸೊನ್ನೆ: ಅನುಕ್ರಮಸೂಚಿಯ ವಾಕ್ಯರಚನೆಗೆ ಬಂದ ಪ್ರಸ್ತಾವಗಳ ಚರಿತ್ರೆಯಿಂದ ಒಂದು ಪ್ರಕರಣ

ಕನ್ನಡ ನಾಮಪದಗಳ ವಿಭಕ್ತಿರೂಪಗಳಿಂದ ಪ್ರಾತಿಪದಿಕವನ್ನು ಬೇರ್ಪಡಿಸುವ ಸಣ್ಣದೊಂದು ಕ್ರಮವಿಧಿಯನ್ನು ನಾವು ಕೆಲವು ವರ್ಷಗಳ ಹಿಂದೆ ಪೈಥಾನ್ ಭಾಷೆಯಲ್ಲಿ ಬರೆದಿದ್ದೆವು. ಪದವನ್ನೂ ಅದರ ಪ್ರತ್ಯಯಭಾಗದ ಉದ್ದವನ್ನೂ ಕೊಟ್ಟರೆ, ಕೊನೆಯಿಂದ ಅಷ್ಟು ಸಂಕೇತಗಳನ್ನು ಕತ್ತರಿಸಿ ಉಳಿದುದನ್ನು ಅದು ಮರಳಿಸಬೇಕಿತ್ತು. 'ಮನೆಯಲ್ಲಿ' ಎಂಬಲ್ಲಿ ಐದು ಸಂಕೇತಗಳು ಹೋಗಬೇಕು. 'ಮನೆಯಿಂದ' ಎಂಬಲ್ಲಿ ನಾಲ್ಕು, 'ಮನೆಗೆ' ಎಂಬಲ್ಲಿ ಎರಡು, 'ಮನೆಯ' ಎಂಬಲ್ಲಿ ಒಂದು. (ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ 'ಯಲ್ಲಿ' ಯೂನಿಕೋಡ್‌ನ ಲೆಕ್ಕದಲ್ಲಿ ಐದು: ಯಕಾರ, ಲಕಾರ, ವಿರಾಮ, ಮತ್ತೊಂದು ಲಕಾರ, ಇಕಾರದ ಗುಣಿತಚಿಹ್ನೆ. ಅಕ್ಷರ ಬೇರೆ, ಸಂಕೇತ ಬೇರೆ ಎಂಬ ಆ ವಿಚಾರ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು.) ಕತ್ತರಿಸಲು ನಾವು ಬಳಸಿದ ರೂಪ ಪದ[:-ನ]. ಪೈಥಾನ್ 3 ಕನ್ನಡ ಅಕ್ಷರಗಳ ಹೆಸರುಗಳನ್ನು ಒಪ್ಪುವುದರಿಂದ ಇಲ್ಲಿನ ಉದಾಹರಣೆಗಳನ್ನು ಆ ಲಿಪಿಯಲ್ಲೇ ಕೊಡುತ್ತಿದ್ದೇವೆ.

ಉಳಿದ ವಿಭಕ್ತಿಗಳಲ್ಲೆಲ್ಲ 'ಮನೆ' ಸರಿಯಾಗಿಯೇ ಬಂತು. ಪ್ರಥಮಾ ವಿಭಕ್ತಿಯಲ್ಲಿ ಮಾತ್ರ ಏನೂ ಬರಲಿಲ್ಲ. ಆವೃತ್ತಿಪಟ್ಟಿಯ ತಲೆಯಲ್ಲಿ ಅಕ್ಷರವೇ ಇಲ್ಲದ ಒಂದು 'ಪದ' ಕುಳಿತಿತ್ತು. ಕಾರಣ ಹುಡುಕಲು ಹೊತ್ತು ಹಿಡಿಯಿತು, ತಿಳಿದ ಮೇಲೆ ನಗುವೂ ಬಂತು. 'ಮನೆ' ಎಂಬ ಪ್ರಥಮಾರೂಪದಲ್ಲಿ ಕಾಣುವ ಪ್ರತ್ಯಯವಿಲ್ಲ. ಆದ್ದರಿಂದ ನ ಎಂದರೆ 0. ಅಂಕಗಣಿತದಲ್ಲಿ -0 ಎಂದರೂ 0 ಎಂದರೂ ಒಂದೇ. ಹಾಗಾಗಿ 'ಕೊನೆಯಿಂದ ಸೊನ್ನೆ ಸಂಕೇತ ಬಿಟ್ಟು ಉಳಿದದ್ದು' ಎಂದು ನಾವು ಬರೆದದ್ದನ್ನು ಭಾಷೆಯು 'ಮೊದಲಿನಿಂದ ಸೊನ್ನೆಯವರೆಗೆ' ಎಂದು ಓದಿತ್ತು. ಪ್ರತ್ಯಯಕ್ಕೆ ಲೋಪ ಹೇಳಹೋದಲ್ಲಿ ಪ್ರಕೃತಿಗೇ ಲೋಪ ಬಂದಿತ್ತು.

ಇದನ್ನು ಕ್ರಮವಿಧಿಕಾರನ ಅಜಾಗರೂಕತೆಯೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ವ್ಯಾಕರಣದಲ್ಲಿ ಶೂನ್ಯ ಅಪರೂಪದ ಅತಿಥಿಯಲ್ಲ. ನಿಯಮವು ಎಲ್ಲ ರೂಪಗಳಿಗೂ ಒಂದೇ ತೆರನಾಗಿ ಅನ್ವಯಿಸಲಿ ಎಂಬ ಕಾರಣಕ್ಕಾಗಿಯೇ ವೈಯಾಕರಣರು ಲೋಪವನ್ನೂ ಆಧುನಿಕ ಭಾಷಾಶಾಸ್ತ್ರಿಗಳು ಶೂನ್ಯ ಆಕೃತಿಯನ್ನೂ ಕಲ್ಪಿಸಿಕೊಂಡದ್ದು. ಒಂದು ಸಂಕೇತವ್ಯವಸ್ಥೆ ಸೊನ್ನೆಯಲ್ಲಿ ಮಾತ್ರ ಮುರಿಯುತ್ತದೆಂದರೆ, ಅದು ನಮ್ಮ ಕಸುಬಿಗೆ ಅತ್ಯಂತ ಬೇಕಾದ ಜಾಗದಲ್ಲಿಯೇ ಮುರಿಯುತ್ತದೆ. ಈ ಮುರುಕು ಎಲ್ಲಿಂದ ಬಂತು, ಇದನ್ನು ಸರಿಪಡಿಸಲು ಯಾವ ಭಾಷೆಗಳಲ್ಲಿ ಯಾವ ಪ್ರಸ್ತಾವಗಳು ಬಂದವು, ಅವುಗಳಲ್ಲಿ ಕೆಲವು ಸಂದು ಕೆಲವು ಬಿದ್ದುಹೋದುದೇಕೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ. ಎಣಿಕೆ 0ಯಿಂದ ಆರಂಭವಾಗಬೇಕೆ, 1ರಿಂದಲೇ ಎಂಬ ಹಳೆಯ ಜಗಳಕ್ಕೆ ಸಿಕ್ಕಿದಷ್ಟು ಗಮನ 'ಕೊನೆಯಿಂದ' ಎಂಬುದನ್ನು ಹೇಳುವ ಬಗೆಗೆ ಸಿಕ್ಕಿಲ್ಲ. ನಮ್ಮ ವಾದ ಇಷ್ಟು: ಕೊನೆಯಿಂದ ಎಣಿಸುವ ಕೆಲಸವನ್ನು ಋಣಚಿಹ್ನೆಗೆ ಒಪ್ಪಿಸಿದ್ದರಲ್ಲಿ ದೋಷವಿರಲಿಲ್ಲ, ಆ ಚಿಹ್ನೆಯ ಜೊತೆಗೆ ಬರಬೇಕಾಗಿದ್ದ ಸೊನ್ನೆಯನ್ನು ಮೊದಲ ತುದಿಗೆ ಖರ್ಚುಮಾಡಿದ್ದರಲ್ಲಿ ಇತ್ತು.

ಘಟಕದ ಹೆಸರು, ಸಂದಿನ ಹೆಸರು

ಅನುಕ್ರಮವೊಂದರೊಳಗೆ ಸಂಖ್ಯೆಯಿಟ್ಟು ಕರೆಯಬಹುದಾದ ವಸ್ತುಗಳು ಎರಡು ಬಗೆಯವು. ಒಂದು, ಅದರ ಘಟಕಗಳು. ಇನ್ನೊಂದು, ಘಟಕಗಳ ನಡುವಿನ ಸಂದುಗಳು. ಐದು ಘಟಕಗಳ ಸಾಲಿನಲ್ಲಿ, ಎರಡು ತುದಿಗಳನ್ನೂ ಸೇರಿಸಿಕೊಂಡರೆ, ಸಂದುಗಳು ಆರು. 'ಮೂರನೆಯದು' ಎಂಬ ಸಂಖ್ಯೇಯವಾಚಕ ಘಟಕವನ್ನು ಹೇಳುತ್ತದೆ. 'ಮೂರು ಕಳೆದ ಮೇಲೆ' ಎಂಬ ಮಾತಿನಲ್ಲಿರುವ ಸಂಖ್ಯಾವಾಚಕ ಸಂದನ್ನು ಹೇಳುತ್ತದೆ. ಕನ್ನಡದ '-ಇಂದ ... -ವರೆಗೆ' ಎಂಬ ಜೋಡಿ ಘಟಕಗಳ ಮೇಲೆ ಬಂದಾಗ ಎರಡು ತುದಿಗಳನ್ನೂ ಒಳಗೊಳ್ಳುತ್ತದೆ: ಸೋಮವಾರದಿಂದ ಶುಕ್ರವಾರದವರೆಗೆ ರಜೆ ಎಂದರೆ ಶುಕ್ರವಾರವೂ ರಜೆಯೇ. ಆದರೆ 'ಗೋಡೆಯವರೆಗೆ ನಡೆದೆ' ಎಂದಾಗ ಗೋಡೆ ನಡಿಗೆಯ ಭಾಗವಲ್ಲ, ಅದು ಬರಿಯ ಗಡಿ. ಒಂದೇ ಪ್ರತ್ಯಯ ಎರಡು ಕೆಲಸವನ್ನೂ ಮಾಡುತ್ತದೆ. ಕೇಳುವವನಿಗೆ ಲೋಕಜ್ಞಾನವಿರುವುದರಿಂದ ತೊಂದರೆಯಾಗುವುದಿಲ್ಲ.

ಗಡಿಯ ಗುರುತನ್ನು ಘಟಕದಿಂದ ಬೇರೆಯಾಗಿಟ್ಟ ಅತ್ಯಂತ ಹಳೆಯ ಮಾದರಿಗಳಲ್ಲೊಂದು ನಮ್ಮ ವ್ಯಾಕರಣ ಪರಂಪರೆಯಲ್ಲಿಯೇ ಇದೆ. ಪಾಣಿನೀಯ ಪ್ರತ್ಯಾಹಾರವು ಒಂದು ಧ್ವನಿಯಿಂದ ಆರಂಭಗೊಂಡು ಒಂದು ಇತ್‌ನಲ್ಲಿ ಮುಗಿಯುತ್ತದೆ. 'ಅಚ್' ಎಂದರೆ ಅಕಾರದಿಂದ ಹಿಡಿದು ಚಕಾರವೆಂಬ ಗುರುತಿನವರೆಗಿನ ಸ್ವರಗಳು; ಆ ಚಕಾರ ಸ್ವರಗಳ ಗುಂಪಿಗೆ ಸೇರಿದ್ದಲ್ಲ, ಸಂದಿನಲ್ಲಿ ನಿಂತ ಗಡಿಗಲ್ಲು. ಆರಂಭ ಒಳಗೆ, ಅಂತ್ಯ ಹೊರಗೆ ಎಂಬ ಅರ್ಧತೆರೆದ ವ್ಯಾಪ್ತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಅಷ್ಟೇ ಗಮನಾರ್ಹವಾದುದು ಅಲ್ಲಿನ ಪ್ರಸಿದ್ಧ ತೊಡಕು. ಹದಿನಾಲ್ಕು ಶಿವಸೂತ್ರಗಳಲ್ಲಿ ಣಕಾರವು ಇತ್ ಆಗಿ ಎರಡು ಕಡೆ, ಮೊದಲನೆಯ ಹಾಗೂ ಆರನೆಯ ಸೂತ್ರಗಳಲ್ಲಿ, ಬರುತ್ತದೆ. ಹೀಗಾಗಿ 'ಅಣ್' ಎಂದಾಗ ಯಾವ ಣಕಾರದವರೆಗೆ ಎಂಬ ಸಂದೇಹ ಹುಟ್ಟುತ್ತದೆ. ಪರಂಪರೆ ಅದನ್ನು ವ್ಯಾಖ್ಯಾನಬಲದಿಂದ ಬಗೆಹರಿಸಿಕೊಂಡಿತು. ಒಂದು ಗಡಿಗುರುತು ಎರಡು ಗಡಿಗಳಿಗೆ ಸಲ್ಲುವ ಇದೇ ಸಮರೂಪತೆಯನ್ನು ಮುಂದೆ ಸೊನ್ನೆಯ ವಿಷಯದಲ್ಲಿ ಕಾಣಲಿದ್ದೇವೆ. ಆದರೆ ಯಂತ್ರಕ್ಕೆ ವ್ಯಾಖ್ಯಾನಕಾರನಿಲ್ಲ.

ಋಣಚಿಹ್ನೆಯ ಪೂರ್ವಾಶ್ರಮ

1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಜಾನ್ ಬ್ಯಾಕಸ್ ಅವರ ತಂಡ ಹೊರತಂದ ಫೋರ್ಟ್ರಾನ್‌ನಲ್ಲಿ ಸೂಚಿಯನ್ನು ದುಂಡಾವರಣದೊಳಗೆ ಬರೆಯಬೇಕಾಗಿತ್ತು. ಅಂದಿನ ರಂಧ್ರಪತ್ರಗಳ ಚಿಹ್ನೆಗಳಲ್ಲಿ ಚೌಕಾವರಣ ಇರಲಿಲ್ಲ. ಫಲನಕ್ಕೂ ಅದೇ ಆವರಣ. ಎರಡನ್ನೂ ಪ್ರತ್ಯೇಕಿಸಲು ಫಲನದ ಹೆಸರು 'ಎಫ್' ಅಕ್ಷರದಿಂದ ಕೊನೆಗೊಳ್ಳಬೇಕು ಎಂಬ ನಿಯಮ ಇತ್ತು. ಆವರಣದಲ್ಲಿ ತೋರದ ಭೇದವನ್ನು ಹೆಸರಿನ ಅಂತ್ಯದಲ್ಲಿ ತೋರಿಸಿದ ಈ ಏರ್ಪಾಟನ್ನು ಪ್ರತ್ಯಯವೆಂದೇ ಕರೆಯಬಹುದು. ಆವರಣದೊಳಗೆ ಎಂಥ ಪದಪುಂಜ ಬೇಕಾದರೂ ಬರುವಂತಿರಲಿಲ್ಲ. ಒಂದು ಚರ, ಒಂದು ಸ್ಥಿರ, ಸ್ಥಿರಗುಣಿತವಾದ ಚರಕ್ಕೆ ಇನ್ನೊಂದು ಸ್ಥಿರವನ್ನು ಕೂಡಿದ್ದು ಅಥವಾ ಕಳೆದದ್ದು ಇತ್ಯಾದಿ ಕೆಲವೇ ಆಕಾರಗಳಿಗೆ ಅವಕಾಶ. ಇಲ್ಲಿ ಋಣಚಿಹ್ನೆ ಕಳೆಯುವ ಚಿಹ್ನೆ ಮಾತ್ರ.

ಪೀಟರ್ ನೌರ್ ಸಂಪಾದಿಸಿದ ಆಲ್ಗಾಲ್ 60ರ ವರದಿ ಸೂಚಿಗೆ ಚೌಕಾವರಣವನ್ನು ಕೊಟ್ಟಿತು. ಸರಣಿಯ ಕೆಳಮಿತಿ ಮತ್ತು ಮೇಲ್ಮಿತಿಗಳ ನಡುವೆ ಕೋಲನ್ ಇಡುವ ಪದ್ಧತಿಯೂ ಅಲ್ಲಿತ್ತು: [1:ನ]. ಅಲ್ಲಿ ಕೋಲನ್ ಘೋಷಣೆಯ ಚಿಹ್ನೆ, ಆಯ್ಕೆಯದಲ್ಲ. ಆಲ್ಗಾಲ್ 68 ಅದನ್ನು ಆಯ್ಕೆಗೂ ತಂದು, ಸರಣಿಯೊಂದರ ನಡುವಿನ ತುಂಡನ್ನು [2:5] ಎಂದು ಹೇಳುವಂತೆ ಮಾಡಿತು. ಎರಡು ತುದಿಗಳೂ ಒಳಗೆ. ಫೋರ್ಟ್ರಾನ್ 77 ಅಕ್ಷರಸಾಲುಗಳಿಗೂ ಫೋರ್ಟ್ರಾನ್ 90 ಎಲ್ಲ ಸರಣಿಗಳಿಗೂ ಅದೇ ಬಗೆಯ ರೂಪವನ್ನು ಒಪ್ಪಿಕೊಂಡವು. ನಮಗೆ ಇಲ್ಲಿ ಮುಖ್ಯವಾದುದು ಬೇರೊಂದು ಸಂಗತಿ. ಆಲ್ಗಾಲ್ ಸಂತತಿಯಲ್ಲಿ ಕೆಳಮಿತಿ ಯಾವ ಪೂರ್ಣಾಂಕವಾದರೂ ಆಗಬಹುದಾದ್ದರಿಂದ [-5:5] ಎಂಬ ಸರಣಿ ಸಾಧು. ಅದರ -1 ಎಂಬ ಸೂಚಿ 'ಋಣ ಒಂದು' ಎಂಬ ಹೆಸರಿನ ಘಟಕವನ್ನೇ ಹೇಳುತ್ತದೆ. ಅಲ್ಲಿ ಋಣಚಿಹ್ನೆಗೆ ಆಗಲೇ ಮನೆಯಿತ್ತು. 'ಕೊನೆಯಿಂದ' ಎಂಬ ಅರ್ಥ ಬಂದು ನೆಲೆಸಲು ಜಾಗವಿರಲಿಲ್ಲ.

ಸಿ ಭಾಷೆಯಲ್ಲಿ ಇನ್ನೊಂದು ಕಾರಣಕ್ಕೆ ಜಾಗವಿರಲಿಲ್ಲ. ಅಲ್ಲಿ ಸೂಚಿ ಎಂಬುದು ಸ್ಮೃತಿಯ ವಿಳಾಸಕ್ಕೆ ಮಾಡುವ ಸಂಕಲನದ ಸಂಕ್ಷೇಪ. ಸಂಕಲನದಲ್ಲಿ ಪದಗಳ ಸ್ಥಾನಪಲ್ಲಟ ಸಲ್ಲುವುದರಿಂದ ಅ[3] ಎಂದು ಬರೆಯುವ ಬದಲು 3[ಅ] ಎಂದೂ ಬರೆಯಬಹುದು; ವಿದ್ಯಾರ್ಥಿಗಳು ಇದನ್ನು ಮೊದಲ ಬಾರಿ ಕಂಡಾಗ ಅಚ್ಚಿನ ತಪ್ಪೆಂದೇ ಭಾವಿಸುತ್ತಾರೆ. -1 ಎಂದರೆ ಈ ವಿಳಾಸಕ್ಕಿಂತ ಒಂದು ಹಿಂದೆ, ಅಷ್ಟೇ. ಸಾಲಿನ ಕೊನೆ ಎಲ್ಲಿದೆಯೆಂಬುದು ಆ ಭಾಷೆಗೆ ಗೊತ್ತೇ ಇರುವುದಿಲ್ಲ.

ಕೆನೆತ್ ಐವರ್ಸನ್ ಅವರ 1962ರ ಗ್ರಂಥದಿಂದ ಬೆಳೆದ ಎಪಿಎಲ್ ಮಾತ್ರ ಬೇರೆ ದಾರಿ ಹಿಡಿಯಿತು. ಋಣಸಂಖ್ಯೆಯ ಗುರುತನ್ನೂ ಕಳೆಯುವ ಕ್ರಿಯೆಯ ಗುರುತನ್ನೂ ಅದು ಎರಡು ಚಿಹ್ನೆಗಳಾಗಿ ಬೇರ್ಪಡಿಸಿತು. ಸಂಖ್ಯೆಯ ಭಾಗವಾದ ಗೆರೆ ಮೇಲೆ ಏರಿ ¯3 ಎಂದಾಗುತ್ತದೆ. ಆ ಭಾಷೆಯಲ್ಲಿ 3↓ ಎಂದರೆ ಮೊದಲ ಮೂರನ್ನು ಬಿಡು, ¯3↓ ಎಂದರೆ ಕೊನೆಯ ಮೂರನ್ನು ಬಿಡು. ಚಿಹ್ನೆ ದಿಕ್ಕನ್ನು ಹೇಳುತ್ತದೆ, ಅಂಕೆ ಪ್ರಮಾಣವನ್ನು. ಹಾಗಾಗಿ ಸೊನ್ನೆ ನಿರಪಾಯಕಾರಿ: ಎಡದಿಂದಾಗಲಿ ಬಲದಿಂದಾಗಲಿ ಏನನ್ನೂ ಬಿಡದಿದ್ದರೆ ಉಳಿಯುವುದು ಪೂರ್ತಿ ಸಾಲು. ನಮ್ಮ 'ಮನೆ' ಅಲ್ಲಿ ಉಳಿಯುತ್ತಿತ್ತು. ಸಂಖ್ಯೆ ಸ್ಥಾನವಾಚಕವಾಗದೆ ಪ್ರಮಾಣವಾಚಕವಾಗಿದ್ದಾಗ -0 ಮತ್ತು 0 ಒಂದೇ ಆಗಿರುವುದು ಸಮಸ್ಯೆಯಲ್ಲ ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

ಸ್ನೋಬಾಲ್‌ನಿಂದ ಐಕಾನ್‌ಗೆ

ಅಕ್ಷರಸಾಲುಗಳನ್ನೇ ಮುಖ್ಯ ದ್ರವ್ಯವಾಗಿ ಉಳ್ಳ ಭಾಷೆಯೊಂದು ಬೆಲ್ ಪ್ರಯೋಗಾಲಯದಲ್ಲಿ 1960ರ ದಶಕದಲ್ಲಿ ರೂಪುಗೊಂಡಿತು. ಅದರ ಪ್ರಸಿದ್ಧ ರೂಪವಾದ ಸ್ನೋಬಾಲ್ 4ರಲ್ಲಿ ಸ್ಥಾನವನ್ನು ಹೇಳಲು ಎರಡು ಪದಗಳಿದ್ದವು: ಎಡದಿಂದ ಎಣಿಸಲು 'ಪಾಸ್', ಬಲದಿಂದ ಎಣಿಸಲು 'ಆರ್‌ಪಾಸ್'. ಎರಡೂ ಹೇಳುವುದು ಸಂದುಗಳನ್ನೇ. ಪಾಸ್(0) ಎಂದರೆ ಸಾಲಿನ ಆರಂಭ. ಆರ್‌ಪಾಸ್(0) ಎಂದರೆ ಸಾಲಿನ ಅಂತ್ಯ. ದಿಕ್ಕನ್ನು ಹೊತ್ತುಕೊಳ್ಳಲು ಪದವೇ ಇದ್ದುದರಿಂದ ಸಂಖ್ಯೆ ಅದನ್ನು ಹೊರಬೇಕಾಗಿರಲಿಲ್ಲ. ಎರಡು ತುದಿಗಳಿಗೂ ತಮ್ಮ ತಮ್ಮ ಸೊನ್ನೆ ದಕ್ಕಿತ್ತು.

ಸ್ನೋಬಾಲ್‌ನ ರೂವಾರಿಗಳಲ್ಲೊಬ್ಬರಾದ ರಾಲ್ಫ್ ಗ್ರಿಸ್ವೋಲ್ಡ್ ಮುಂದೆ ಅರಿಜೋನ ವಿಶ್ವವಿದ್ಯಾಲಯಕ್ಕೆ ಹೋಗಿ, 1970ರ ದಶಕದ ಕೊನೆಯಲ್ಲಿ ಐಕಾನ್ ಭಾಷೆಯನ್ನು ರೂಪಿಸಿದರು. ಇಲ್ಲಿ ಪದಗಳು ಹೋಗಿ ಚೌಕಾವರಣ ಹಾಗೂ ಕೋಲನ್ ಬಂದವು; ದಿಕ್ಕಿನ ಭಾರ ಸಂಖ್ಯೆಯ ಚಿಹ್ನೆಯ ಮೇಲೆ ಬಿತ್ತು. ಆದರೆ ಗ್ರಿಸ್ವೋಲ್ಡ್ ಸೊನ್ನೆಯನ್ನು ಕೈಬಿಡಲಿಲ್ಲ. ಐದು ಅಕ್ಷರಗಳ ಸಾಲಿನಲ್ಲಿರುವ ಆರು ಸಂದುಗಳಿಗೆ ಎಡದಿಂದ 1, 2, 3, 4, 5, 6 ಎಂಬ ಹೆಸರುಗಳು. ಅವೇ ಸಂದುಗಳಿಗೆ ಇನ್ನೊಂದು ಗಣನೆಯಲ್ಲಿ ಕ್ರಮವಾಗಿ -5, -4, -3, -2, -1, 0. ಎಡತುದಿ 1, ಬಲತುದಿ 0. ಯಾವ ಸಂಖ್ಯೆಗೂ ಎರಡು ಅರ್ಥವಿಲ್ಲ. ಯಾವ ಸಂದೂ ಎರಡು ಗಣನೆಗಳಲ್ಲಿ ಯಾವುದರಲ್ಲೂ ಹೆಸರಿಲ್ಲದೆ ಉಳಿಯುವುದಿಲ್ಲ. ಪದ[1:-2] ಎಂದರೆ ಕೊನೆಯ ಎರಡು ಬಿಟ್ಟು ಉಳಿದದ್ದು, ಪದ[1:-1] ಎಂದರೆ ಕೊನೆಯದೊಂದನ್ನು ಬಿಟ್ಟದ್ದು, ಪದ[1:0] ಎಂದರೆ ಪೂರ್ತಿ ಪದ. ನ ಎಂಬುದು ಇಳಿಯುತ್ತ ಬಂದು ಸೊನ್ನೆಯಾದಾಗ ಅರ್ಥ ಎಲ್ಲಿಯೂ ಜಿಗಿಯುವುದಿಲ್ಲ.

ಈ ಚಿಕ್ಕ ವ್ಯವಸ್ಥೆಯನ್ನು ನಾವು ಬಹಳವಾಗಿ ಮೆಚ್ಚುತ್ತೇವೆ. ಇದು ಸಾಧ್ಯವಾದದ್ದು ಎಡದ ಎಣಿಕೆ 1ರಿಂದ ಆರಂಭವಾದುದರಿಂದ ಎಂಬುದನ್ನು ಮರೆಯಬಾರದು. ಒಂದರಿಂದ ಎಣಿಸುವುದು ಪಳಗದ ಕೈಯ ಅಭ್ಯಾಸವೆಂದು ಹಗುರವಾಗಿ ಕಾಣುವವರುಂಟು. ಐಕಾನ್‌ನಲ್ಲಿ ಅದು ಸೊನ್ನೆಯನ್ನು ಬಲತುದಿಗೆ ಉಳಿಸಿಕೊಟ್ಟ ಉಳಿತಾಯ.

ಪೈಥಾನ್: ಖರ್ಚಾದ ಸೊನ್ನೆ

1982ರ ಆಗಸ್ಟ್‌ನಲ್ಲಿ ಎಡ್ಸ್ಗರ್ ಡೈಕ್‌ಸ್ಟ್ರಾ ಎಣಿಕೆ ಸೊನ್ನೆಯಿಂದಲೇ ಏಕೆ ಆರಂಭವಾಗಬೇಕೆಂಬ ಬಗ್ಗೆ ಪುಟ್ಟದೊಂದು ಟಿಪ್ಪಣಿ ಬರೆದರು. ಆರಂಭವನ್ನು ಒಳಗೊಂಡು ಅಂತ್ಯವನ್ನು ಹೊರಗಿಟ್ಟರೆ ಎರಡರ ವ್ಯತ್ಯಾಸವೇ ಉದ್ದವಾಗುತ್ತದೆ. ಒಂದರ ಅಂತ್ಯ ಮುಂದಿನದರ ಆರಂಭವಾಗುತ್ತದೆ. ಖಾಲಿ ವ್ಯಾಪ್ತಿಯನ್ನು ಹೇಳಲು ಕೊಂಕು ದಾರಿ ಬೇಕಾಗುವುದಿಲ್ಲ. ಅಂಥ ವ್ಯಾಪ್ತಿಗೆ ಸೊನ್ನೆಯ ಆರಂಭವೇ ಒಪ್ಪುತ್ತದೆ ಎಂಬುದು ಅವರ ತೀರ್ಮಾನ. ವಾದ ನಿರ್ದುಷ್ಟವಾಗಿದೆ. ಆದರೆ ಅಲ್ಲಿನ ಚರ್ಚೆಯೆಲ್ಲ ಒಂದೇ ದಿಕ್ಕಿನ ಎಣಿಕೆಯದು. ಕೊನೆಯಿಂದ ಎಣಿಸುವ ಪ್ರಶ್ನೆ ಆ ಟಿಪ್ಪಣಿಯ ವಸ್ತುವಲ್ಲ.

1991ರಲ್ಲಿ ಹೊರಬಂದ ಪೈಥಾನ್‌ನ ಕರ್ತೃ ಗೀಡೊ ವಾನ್ ರಾಸಮ್ ಅದಕ್ಕೆ ಮೊದಲು ಆಮ್‌ಸ್ಟರ್‌ಡಾಮಿನ ಗಣಿತ ಹಾಗೂ ಗಣಕವಿಜ್ಞಾನ ಕೇಂದ್ರದಲ್ಲಿ ಎಬಿಸಿ ಎಂಬ ಭಾಷೆಯ ಮೇಲೆ ಕೆಲಸ ಮಾಡಿದ್ದರು. ಎಬಿಸಿಯಲ್ಲಿ ಎಣಿಕೆ 1ರಿಂದ. ಸಾಲಿನ ಮೊದಲ ಭಾಗಕ್ಕೆ ಒಂದು ಚಿಹ್ನೆ, ಉಳಿದ ಭಾಗಕ್ಕೆ ಇನ್ನೊಂದು. ಪೈಥಾನ್‌ನಲ್ಲಿ ಅವರು ಅರ್ಧತೆರೆದ ವ್ಯಾಪ್ತಿಯ ಸೊಗಸಿಗೆ ಒಲಿದು 0ಯನ್ನು ಆರಿಸಿಕೊಂಡರು. ಜೊತೆಗೆ, ಕೊನೆಯಿಂದ ಎಣಿಸಲು ಋಣಸಂಖ್ಯೆಯನ್ನೂ ಇಟ್ಟರು. ಈಗ ಐದು ಅಕ್ಷರಗಳ ಸಾಲಿನ ಆರು ಸಂದುಗಳಿಗೆ ಎಡದಿಂದ 0, 1, 2, 3, 4, 5 ಎಂಬ ಹೆಸರುಗಳಾದವು. ಋಣದ ಗಣನೆಯಲ್ಲಿ -5, -4, -3, -2, -1; ಅಲ್ಲಿಗೆ ನಿಂತಿತು. ಬಲತುದಿಗೆ ಆ ಗಣನೆಯಲ್ಲಿ ಹೆಸರಿಲ್ಲ. ಪೈಥಾನ್‌ನ ಅಧಿಕೃತ ಪಾಠಮಾಲೆಯಲ್ಲಿ ಈ ಚಿತ್ರವೇ ಇದೆ. -0 ಎಂಬುದು 0ಗೆ ಸಮವಾದ್ದರಿಂದ ಋಣದ ಎಣಿಕೆ -1ರಿಂದ ಆರಂಭವಾಗುತ್ತದೆ ಎಂಬ ವಿವರಣೆಯೂ ಇದೆ. ವಿವರಣೆ ಸರಿಯೇ. ಚಿತ್ರದ ಬಲತುದಿಯಲ್ಲಿ ಉಳಿದ ಖಾಲಿ ಜಾಗವೇ ನಮ್ಮ ಪ್ರಥಮಾ ವಿಭಕ್ತಿಯನ್ನು ನುಂಗಿದ್ದು.

ಆ ತುದಿಯನ್ನು ಹೇಳಲು ಪೈಥಾನ್‌ನಲ್ಲಿ ಉಳಿದ ದಾರಿ ಏನನ್ನೂ ಹೇಳದಿರುವುದು: ಪದ[2:] ಎಂದು ಕೋಲನ್ನಿನ ಆಚೆ ಬರಿದಾಗಿ ಬಿಟ್ಟರೆ 'ಕೊನೆಯವರೆಗೆ' ಎಂದರ್ಥ. ಸ್ವಾರಸ್ಯವೆಂದರೆ ಇದೂ ಶೂನ್ಯ ಆಕೃತಿಯೇ. ಆದರೆ ಚರವೊಂದರಲ್ಲಿ ಸಂಖ್ಯೆಯನ್ನಿಡಬಹುದು, 'ಬರೆಯದಿರುವಿಕೆ'ಯನ್ನು ಇಡಲಾಗದು. ಅದಕ್ಕಾಗಿ ಅಭಾವವನ್ನು ಸೂಚಿಸುವ 'ನನ್' ಎಂಬ ಮೌಲ್ಯವನ್ನು ಕೊಡಬೇಕಾಗುತ್ತದೆ. ಸೊನ್ನೆಯಾದಾಗ ಅದರ ಬದಲು 'ನನ್' ಬರುವಂತೆ ತಿರುಚಿ ಬರೆಯುವ ರೂಢಿ ಪೈಥಾನ್ ಬಳಕೆದಾರರಲ್ಲಿ ಬೆಳೆದಿದೆ. ಉಪಭಾಷೆಗಳಲ್ಲಿ ಕಾಣುವ ತೇಪೆರೂಪಗಳನ್ನು ಅದು ನೆನಪಿಸುತ್ತದೆ.

ಎಡತುದಿಯಲ್ಲಿಯೂ ಇದರ ಪ್ರತಿಬಿಂಬವೊಂದು ಹುಟ್ಟಿತು. ಹೆಜ್ಜೆಯ ಗಾತ್ರವನ್ನು ಹೇಳುವ ಮೂರನೆಯ ಸ್ಥಾನವು, ಅಂದರೆ [ಆರಂಭ:ಅಂತ್ಯ:ಹೆಜ್ಜೆ] ಎಂಬ ರೂಪವು, ಸಂಖ್ಯಾತ್ಮಕ ಸರಣಿಗಳ ಬಳಕೆದಾರರಿಗಾಗಿ 1996ರ ಪೈಥಾನ್ 1.4ರ ವ್ಯಾಕರಣಕ್ಕೆ ಸೇರಿತು. ಪಟ್ಟಿ, ಅಕ್ಷರಸಾಲು ಮೊದಲಾದ ಅಂತರ್ಗತ ಅನುಕ್ರಮಗಳು ಅದನ್ನು ಒಪ್ಪಿಕೊಂಡದ್ದು 2003ರ 2.3ನೆಯ ಆವೃತ್ತಿಯಲ್ಲಿ. ವ್ಯಾಕರಣ ಒಪ್ಪಿದ ರೂಪವೊಂದಕ್ಕೆ ದಿನಬಳಕೆಯ ಅರ್ಥ ಬರಲು ಏಳು ವರ್ಷ ಹಿಡಿಯಿತು. ಹೆಜ್ಜೆ -1 ಆದರೆ ಸಾಲು ಹಿಮ್ಮುಖವಾಗಿ ಓದಲ್ಪಡುತ್ತದೆ. ಐದು ಅಕ್ಷರಗಳ ಸಾಲನ್ನು ಕೊನೆಯಿಂದ ಮೊದಲಿನವರೆಗೆ ಹಿಮ್ಮುಖವಾಗಿ ಬೇಕೆಂದರೆ ಆರಂಭ 4. ಮೊದಲನೆಯ ಅಕ್ಷರವೂ ಒಳಗೆ ಬರಬೇಕಾದರೆ ಅಂತ್ಯ ಅದಕ್ಕೂ ಹಿಂದಿನದಾಗಬೇಕು, ಅಂದರೆ -1. ಆದರೆ -1 ಎಂಬುದಕ್ಕೆ 'ಕೊನೆಯದು' ಎಂಬ ಅರ್ಥ ಆಗಲೇ ಇದೆ. ಹಾಗಾಗಿ ಪದ[4:-1:-1] ಕೊಡುವುದು ಖಾಲಿ ಸಾಲನ್ನು. ಬಲತುದಿಯಲ್ಲಿ ಸೊನ್ನೆಯ ಅಭಾವ, ಎಡತುದಿಯಲ್ಲಿ ಋಣ ಒಂದರ ಸಮರೂಪತೆ. ಎರಡೂ ಒಂದೇ ಬೇರಿನವು. 2013ರಲ್ಲಿ ಸ್ವತಃ ವಾನ್ ರಾಸಮ್ ಅವರೇ ಋಣಹೆಜ್ಜೆಯ ವಿಷಯದಲ್ಲಿ ತಾವು ಎಲ್ಲಿ ದಾರಿತಪ್ಪಿದೆವು ಎಂಬ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದರು.

ಪೈಥಾನ್‌ನಲ್ಲಿ ಭಾಷಾಬದಲಾವಣೆಯ ಪ್ರಸ್ತಾವಗಳು 'ಪೆಪ್' ಎಂಬ ಸಂಖ್ಯಾಂಕಿತ ದಾಖಲೆಗಳಾಗಿ ಉಳಿಯುತ್ತವೆ. ತಿರಸ್ಕೃತವಾದವೂ ಉಳಿಯುತ್ತವೆ ಎಂಬುದು ಚರಿತ್ರಕಾರರ ಪಾಲಿಗೆ ದೊಡ್ಡ ಉಪಕಾರ. ಮನುಷ್ಯಭಾಷೆಗಳಲ್ಲಿ ಸಮುದಾಯ ಒಪ್ಪದ ರೂಪಗಳು ಹೀಗೆ ಕಾರಣಸಹಿತವಾಗಿ ದಾಖಲಾಗುವುದಿಲ್ಲ. ಥಾಮಸ್ ವೌಟರ್ಸ್ ಅವರು 2000ದಲ್ಲಿ ಮಂಡಿಸಿದ ಪೆಪ್ 204, ಚೌಕಾವರಣದ ಕೋಲನ್ ರೂಪವನ್ನು ಅನುಕ್ರಮದಿಂದ ಬಿಡಿಸಿ, [1:10] ಎಂಬುದೇ ಸ್ವತಂತ್ರವಾಗಿ ಒಂದು ಸಂಖ್ಯಾಪಟ್ಟಿಯಾಗಲಿ ಎಂದಿತು. ವ್ಯಾಪ್ತಿ ಮತ್ತು ತುಂಡರಿಕೆಗಳ ನಡುವೆ ಗೊಂದಲವಾಗುತ್ತದೆ, ಹೊಸ ರೂಪದ ಆಶಯ ಥಟ್ಟನೆ ಹೊಳೆಯುವುದಿಲ್ಲ ಎಂಬ ಕಾರಣಗಳಿಂದ ಅದು ಬಿತ್ತು. ಭಾಷಾಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಕೋಲನ್ ಆವರೆಗೆ ಬದ್ಧರೂಪವಾಗಿತ್ತು. ಅದನ್ನು ಸ್ವತಂತ್ರರೂಪವಾಗಿಸುವ ಯತ್ನ ಸಫಲವಾಗಲಿಲ್ಲ. 2003ರಲ್ಲಿ ರೇಮಂಡ್ ಹೆಟಿಂಗರ್ ಮಂಡಿಸಿದ ಪೆಪ್ 322 ಬೇರೆ ಸ್ವಭಾವದ್ದು. ಹಿಮ್ಮುಖವಾಗಿ ಸಾಗಲು ಚಿಹ್ನೆಗಳ ಕಸರತ್ತು ಬೇಡ, 'ರಿವರ್ಸ್‌ಡ್' ಎಂಬ ಪದವಿರಲಿ ಎಂದಿತು, ಅಂಗೀಕಾರವಾಯಿತು. ಸೂಚಿಯ ಆವರಣದೊಳಗೆ ಹೆಸರಿಟ್ಟ ವಾದಗಳನ್ನು ತರಬಯಸಿದ 2014ರ ಪೆಪ್ 472 ಮತ್ತು 2020ರ ಪೆಪ್ 637 ಎರಡೂ ತಿರಸ್ಕೃತವಾದವು.

ನಮ್ಮ ಪ್ರಕರಣಕ್ಕೆ ನೇರವಾಗಿ ತಾಗುವುದು ಪೆಪ್ 616. ಡೆನಿಸ್ ಸ್ವೀನಿ ಮಂಡಿಸಿದ ಈ ಪ್ರಸ್ತಾವದಿಂದಾಗಿ 2020ರ ಪೈಥಾನ್ 3.9ರಲ್ಲಿ ಪೂರ್ವಪ್ರತ್ಯಯ ಹಾಗೂ ಅಂತ್ಯಪ್ರತ್ಯಯಗಳನ್ನು ತೆಗೆಯುವ ಎರಡು ವಿಧಾನಗಳು ಅಕ್ಷರಸಾಲಿಗೆ ಸೇರಿದವು. ಆ ದಾಖಲೆಯಲ್ಲಿ ಕೊಟ್ಟಿರುವ ಮಾದರಿ ಅನುಷ್ಠಾನದಲ್ಲಿ, ಅಂತ್ಯಪ್ರತ್ಯಯ ಖಾಲಿಯಾಗಿದ್ದರೆ [:-0] ಎಂಬ ರೂಪಕ್ಕೆ ಹೋಗಬಾರದು ಎಂಬ ಎಚ್ಚರಿಕೆಯ ಟಿಪ್ಪಣಿಯಿದೆ. ಭಾಷೆಯ ಒಳಗಿನವರಿಗೂ ಶೂನ್ಯ ಪ್ರತ್ಯಯಕ್ಕೆ ಪ್ರತ್ಯೇಕ ವಿಧಿ ಬೇಕಾಯಿತು. ಆ ಸಾಲನ್ನು ಓದಿದಾಗ ನಮಗೆ ಸಮಾಧಾನವಾದದ್ದನ್ನು ಮುಚ್ಚಿಡುವುದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಇವುಗಳಲ್ಲಿ ಗೆದ್ದವು ಯಾವುವೂ ಸೂಚಿಯ ವಾಕ್ಯರಚನೆಯನ್ನು ಮುಟ್ಟಲಿಲ್ಲ. ಆವರಣದೊಳಗಿನ ವ್ಯಾಕರಣ ಹಾಗೆಯೇ ಉಳಿಯಿತು. ತಿದ್ದುಪಡಿಗಳು ಪದಕೋಶದಲ್ಲಿ ಆದವು. ಕೋಟ್ಯಂತರ ಸಾಲುಗಳಲ್ಲಿ -1 ಎಂದರೆ ಕೊನೆಯದು ಎಂದು ಬರೆದಾದ ಮೇಲೆ ವ್ಯಾಕರಣಕ್ಕೆ ಕೈಹಾಕುವುದು ಸುಲಭವಲ್ಲ. ಮನುಷ್ಯಭಾಷೆಗಳಲ್ಲಿಯೂ ಸಮರೂಪತೆಯ ಒತ್ತಡ ಹೆಚ್ಚಾದಾಗ ಹೊಸ ಪದ ಬಂದು ಭಾರ ಇಳಿಸುವುದು ಸಾಮಾನ್ಯ. ವಿಭಕ್ತಿವ್ಯವಸ್ಥೆಯೇ ಬದಲಾಗುವುದು ಅಪರೂಪ.

ಹೊಸ ಗುರುತುಗಳು

'ಕೊನೆ' ಎಂಬುದಕ್ಕೆ ತನ್ನದೇ ಆದ ಹೆಸರು ಕೊಟ್ಟ ಭಾಷೆಗಳಲ್ಲಿ ಈ ಒತ್ತಡವೇ ಹುಟ್ಟಲಿಲ್ಲ. ಮ್ಯಾಟ್‌ಲ್ಯಾಬ್‌ನಲ್ಲಿ ಸೂಚಿಯೊಳಗೆ ಬರುವ 'ಎಂಡ್' ಎಂಬ ಪದ ಕೊನೆಯ ಸ್ಥಾನವನ್ನು ಹೇಳುತ್ತದೆ. ಡಿ ಭಾಷೆಯಲ್ಲಿ ಆ ಕೆಲಸ $ ಚಿಹ್ನೆಯದು, ಅದು ಆವರಣದೊಳಗೆ ಆ ಅನುಕ್ರಮದ ಉದ್ದವಾಗುತ್ತದೆ. [0..$-ನ] ಎಂಬಲ್ಲಿ ಋಣಚಿಹ್ನೆ ಮತ್ತೆ ಕಳೆಯುವ ಚಿಹ್ನೆಯಾಗಿ ತವರಿಗೆ ಮರಳಿದೆ, ಸೊನ್ನೆಯನ್ನು ಕಳೆದರೆ ಉದ್ದ ಉದ್ದವೇ. ಸ್ನೋಬಾಲ್‌ನ ಎರಡು ಪದಗಳ ನೀತಿ ಬೇರೆ ವೇಷದಲ್ಲಿ ಬಂದಂತೆ ಇದು.

2019ರ ಸಿ ಶಾರ್ಪ್ 8 ಇನ್ನೂ ಸೂಕ್ಷ್ಮವಾದ ಪರಿಹಾರವನ್ನು ತಂದಿತು. ಅಲ್ಲಿ ^1 ಎಂದರೆ ಕೊನೆಯಿಂದ ಮೊದಲನೆಯದು, ^2 ಎಂದರೆ ಕೊನೆಯಿಂದ ಎರಡನೆಯದು. ^ ಎಂಬುದು ಆ ಭಾಷೆಯಲ್ಲಿ ಎರಡು ಪದಗಳ ನಡುವೆ ಬರುವ ತಾರ್ಕಿಕ ಕ್ರಿಯೆಯಾಗಿ ಮೊದಲೇ ಇತ್ತು. ಆದರೆ ಒಂದೇ ಪದದ ಹಿಂದೆ ಪೂರ್ವಪ್ರತ್ಯಯದಂತೆ ಬರುವ ಸ್ಥಾನ ತೆರವಾಗಿತ್ತು. ಪ್ರಸ್ತಾವಕರು ಹೊಸ ಚಿಹ್ನೆಯನ್ನು ಹುಡುಕಲಿಲ್ಲ, ಹಳೆಯ ಚಿಹ್ನೆಯ ಖಾಲಿ ಪರಿಸರವನ್ನು ಹುಡುಕಿದರು. ಪೂರಕ ಪ್ರಸರಣವನ್ನು ಕಲಿಸುವ ತರಗತಿಗೆ ಒಳ್ಳೆಯ ಉದಾಹರಣೆ. ಹೆಚ್ಚಿನ ಮಹತ್ವದ ಅಂಶ: ^ನ ಎಂಬುದು ಅಲ್ಲಿ ಪೂರ್ಣಾಂಕವಲ್ಲ, ದಿಕ್ಕನ್ನೂ ತನ್ನೊಳಗೆ ಇಟ್ಟುಕೊಂಡ ಬೇರೆ ಜಾತಿಯ ಮೌಲ್ಯ. ಆದ್ದರಿಂದ ^0 ಮತ್ತು 0 ಬೇರೆಬೇರೆ. [..^ನ] ಎಂಬಲ್ಲಿ ನ ಸೊನ್ನೆಯಾದರೆ ಪೂರ್ತಿ ಸಾಲು ಸಿಗುತ್ತದೆ. ^0 ಅನ್ನು ಘಟಕದ ಹೆಸರಾಗಿ ಬಳಸಿದರೆ ದೋಷ ವರದಿಯಾಗುತ್ತದೆ, ಏಕೆಂದರೆ ಕೊನೆಯ ಸಂದಿನ ಆಚೆ ಘಟಕವಿಲ್ಲ. ಗಡಿಯ ಹೆಸರಾಗಿ ಬಳಸಿದರೆ ಅದು ಸಾಧು.

ಜಾವಾಸ್ಕ್ರಿಪ್ಟ್‌ನ ಕಥೆಗೆ ಒಂದು ವ್ಯಂಗ್ಯವೂ ಅಂಟಿಕೊಂಡಿದೆ. ಅಲ್ಲಿ ಚೌಕಾವರಣದೊಳಗಿನ -1 ಎಂಬುದು '-1' ಎಂಬ ಹೆಸರಿನ ಗುಣಕ್ಕೆ ಮೊದಲಿನಿಂದಲೂ ಸಲ್ಲುತ್ತಿದ್ದುದರಿಂದ ಅದರ ಅರ್ಥವನ್ನು ಬದಲಿಸುವಂತಿರಲಿಲ್ಲ. ಕೊನೆಯಿಂದ ಎಣಿಸಲು 'ಐಟಮ್' ಎಂಬ ವಿಧಾನವನ್ನು ತರುವ ಪ್ರಸ್ತಾವ ಬಂತು. ಬಳಕೆಯಲ್ಲಿದ್ದ ಹಳೆಯ ಕ್ರಮವಿಧಿಗಳೊಡನೆ ಆ ಹೆಸರು ಡಿಕ್ಕಿ ಹೊಡೆದುದರಿಂದ 'ಆಟ್' ಎಂದು ಹೆಸರು ಬದಲಿಸಿಕೊಂಡು 2022ರ ಮಾನಕಕ್ಕೆ ಅದು ಸೇರಿತು. ವ್ಯಂಗ್ಯ ಇರುವುದು ಇಲ್ಲಿ: ಆ ಭಾಷೆಯ ಸಂಖ್ಯೆಗಳು ತೇಲುಬಿಂದುವಿನ ಮಾನಕವನ್ನು ಅನುಸರಿಸುವುದರಿಂದ, ಅಂಕಗಣಿತದಲ್ಲಿಲ್ಲದ ಋಣ ಸೊನ್ನೆ ಆ ಯಂತ್ರದಲ್ಲಿ ನಿಜವಾಗಿಯೂ ಇದೆ, -0 ಮತ್ತು 0 ಅಲ್ಲಿ ಎರಡು ಬೇರೆ ಬೇರೆ ಮೌಲ್ಯಗಳು. ನಮಗೆ ಬೇಕಾಗಿದ್ದ ರೂಪವೇ ಅದು. ಆದರೆ ಸೂಚಿಯ ವಿಧಾನಗಳು ಸಂಖ್ಯೆಯನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಪೂರ್ಣಾಂಕವಾಗಿ ಸಂಸ್ಕರಿಸುತ್ತವೆ, ಆ ಸಂಸ್ಕಾರದಲ್ಲಿ ಋಣಚಿಹ್ನೆ ಕಳೆದುಹೋಗುತ್ತದೆ. ಆಟ್(-0) ಕೊಡುವುದು ಮೊದಲನೆಯ ಘಟಕವನ್ನು.

ನಮ್ಮ ಕ್ರಮವಿಧಿಯಲ್ಲಿ ಈಗ ಪದ[:-ನ] ಎಂಬ ರೂಪ ಎಲ್ಲಿಯೂ ಇಲ್ಲ. ಪದದ ಉದ್ದವನ್ನು ಮೊದಲೇ ಎಣಿಸಿಟ್ಟುಕೊಂಡು ಪದ[:ಉದ್ದ-ನ] ಎಂದು ಬರೆಯುತ್ತೇವೆ. ಒಂದು ಪದ ಹೆಚ್ಚು, ನೋಡಲು ಸ್ವಲ್ಪ ಒಡ್ಡೊಡ್ಡು. ಪೈಥಾನ್ ಚೆನ್ನಾಗಿ ಬಲ್ಲ ಸಂಶೋಧನ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ಅದನ್ನು ಕಂಡು, 'ಉದ್ದ' ಎಂಬುದು ಇಲ್ಲಿ ಅನಗತ್ಯವೆಂದು ಅಳಿಸಿಬಿಟ್ಟಿದ್ದರು. ಮರುದಿನದ ಪಟ್ಟಿಯಲ್ಲಿ ಖಾಲಿ ಪದ ಮತ್ತೆ ತಲೆಯ ಮೇಲೆ ಕುಳಿತಿತ್ತು. ಆ ಸಾಲಿನ ಪಕ್ಕದಲ್ಲಿ ಈಗ 'ಪ್ರಥಮಾ ವಿಭಕ್ತಿಗಾಗಿ' ಎಂದು ಬರೆದಿಟ್ಟಿದ್ದೇವೆ.